ಪೀಪಾಯಿಯಲ್ಲಿ ಕಳೆದ ವಯಸ್ಸು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಪುಟ್ಟ ಗಾಜಿನ ಲೋಟಗಳ ಒಂದು ಸಾಲಿದೆ. ಕೆಳಗೆ ದುಂಡು ಹೊಟ್ಟೆ, ಮೇಲೆ ಸಣ್ಣ ಬಾಯಿ, ನಿಲ್ಲಲಿಕ್ಕೆ ಒಂದು ಗಿಡ್ಡ ಕಾಲು. ಒಂದರಲ್ಲಿ ಏಲಕ್ಕಿ ಇದೆ, ಒಂದರಲ್ಲಿ ಲವಂಗ, ಇನ್ನೊಂದರಲ್ಲಿ ಯಾಕೋ ಸೇಫ್ಟಿ ಪಿನ್ನುಗಳು. ಮನೆಗೆ ಬಂದವರು ನೋಡಿ, “ಇವು ಹಳೇ ಚಿಮಣಿ ದೀಪದ ಗಾಜೇನ್ರಿ?” ಎಂದು ಕೇಳುವುದುಂಟು. ನಮ್ಮ ಅತ್ತೆ ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ, “ಹೌದ್ರಿ, ನಮ್ಮ ಕಡೀದು” ಎಂದುಬಿಡುತ್ತಾರೆ. ದೇವರ ದೀಪಕ್ಕೆ ಬತ್ತಿ ಹೊಸೆಯುವ ಹೆಣ್ಣುಮಗಳು, ಹಣೆಯ ಮೇಲೆ ವಿಭೂತಿ ಬೇರೆ, ಯಾರು ಅನುಮಾನಪಡುತ್ತಾರೆ? ಅವು ವಿಸ್ಕಿಯ ಲೋಟಗಳು. ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಆ ಲೋಟಗಳು ನಮ್ಮ ಮನೆಗೆ ಬಂದ ಕತೆ ಹೇಳಬೇಕೆಂದರೆ ಮೊದಲು ನನ್ನ ಮೂಗಿನ ಕತೆ ಹೇಳಬೇಕು. ನನ್ನ ದೇಹದಲ್ಲಿ ಸಂಬಳ ತರುವ ಅಂಗ ಅದೊಂದೇ. ಹೈದರಾಬಾದಿನ ಜೀಡಿಮೆಟ್ಲಾದ ಒಂದು ಕಾರ್ಖಾನೆಯಲ್ಲಿ ಔಷಧಗಳಿಗೆ ರುಚಿ ಮತ್ತು ವಾಸನೆ ಕೂಡಿಸುವ ವಿಭಾಗದಲ್ಲಿ ನನ್ನ ಕೆಲಸ. ಮಕ್ಕಳು ಕೆಮ್ಮಿನ ಔಷಧ ಕುಡಿದು ಮುಖ ಕಿವುಚದೆ ಇನ್ನೊಂದು ಚಮಚಕ್ಕೆ ಬಾಯಿ ತೆರೆದರೆ ಅದರ ಪುಣ್ಯದಲ್ಲಿ ನನಗೂ ಪಾಲಿದೆ. ಎಷ್ಟೋ ವರ್ಷ ಸ್ಟ್ರಾಬೆರಿ ವಾಸನೆ ತಯಾರಿಸಿದೆ. ಅಸಲಿ ಸ್ಟ್ರಾಬೆರಿ ತಿಂದದ್ದು ಆಮೇಲೆ. ತಿಂದಾಗ, ‘ಅಯ್ಯೋ, ನಮ್ಮದರ ಹಾಗಿಲ್ಲವಲ್ಲ’ ಎಂದು ಬೇಸರವಾಯಿತು.

ಮೂಗಿನ ಈ ಚಪಲ ಬಾಲ್ಯದ್ದು. ರಾಯಚೂರಿನಲ್ಲಿ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕಿಟಕಿಯೇ ಇರಲಿಲ್ಲ. ಬೇಸಿಗೆಯ ಮಧ್ಯಾಹ್ನ ದೊಡ್ಡವರೆಲ್ಲ ಮಲಗಿದಾಗ ನಾನೂ ನನ್ನ ತಂಗಿಯೂ ಅಲ್ಲಿ ಸೇರಿಕೊಂಡು ಆಟವಾಡುತ್ತಿದ್ದೆವು. ಒಬ್ಬಳು ಕಣ್ಣಿಗೆ ಟವೆಲ್ ಕಟ್ಟಿಕೊಳ್ಳುವುದು, ಇನ್ನೊಬ್ಬಳು ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಕೆಳಗೆ ಹಿಡಿಯುವುದು. ಹವೀಜ, ಜೀರಿಗೆ, ಗುರೆಳ್ಳು ಸುಲಭ. ಕಡಲೆಬೇಳೆ, ತೊಗರಿಬೇಳೆಯ ವ್ಯತ್ಯಾಸ ಹೇಳುವುದು ಕಷ್ಟ. ಒಮ್ಮೆ ತಂಗಿ ಒಣಮೆಣಸಿನಕಾಯಿಯ ಡಬ್ಬಿಯಲ್ಲಿ ನನ್ನ ಮೂಗನ್ನೇ ಅದ್ದಿದಳು. ಸಂಜೆಯ ತನಕ ಸೀನಿದೆ. ಅಂಥ ತಂಗಿ ಈಗ ಶಾಲಾ ಮಾಸ್ತರಿಣಿ, ಮಕ್ಕಳಿಗೆ ನೀತಿ ಕಲಿಸುತ್ತಾಳೆ.

ಇರಲಿ. ನಮ್ಮ ವಿಭಾಗದ ಮುಖ್ಯಸ್ಥೆ ಮಾಧವಿ ಗಾರು; ಗಾರು ಎಂದರೆ ತೆಲುಗಿನ ‘ಅವರು’. ದಪ್ಪ ಅಂಚಿನ ಗದ್ವಾಲ್ ಸೀರೆ, ತಲೆಯಲ್ಲಿ ಮಲ್ಲಿಗೆಯ ದಂಡೆ, ಮೂಗಿಗೆ ಎರಡೂ ಕಡೆ ನತ್ತು. ನೋಡಿದರೆ ಯಾವುದೋ ಮದುವೆಯಲ್ಲಿ ಆರತಿ ತಟ್ಟೆ ಹಿಡಿದು ನಿಂತವರ ಹಾಗಿರುತ್ತಾರೆ. ಅವರಿಗೊಂದು ಹವ್ಯಾಸ: ಹಲವು ದೇಶಗಳ ಹಳೆಯ ವಿಸ್ಕಿಗಳನ್ನು ಒಂದಿಷ್ಟಿಷ್ಟು ಕೂಡಿಸಿಡುವುದು, ಮೂಸಿ ನೋಡುವುದು, ಒಂದು ಹನಿ ನಾಲಿಗೆಯ ಮೇಲೆ ಹೊರಳಾಡಿಸಿ ಅಂಕ ಕೊಡುವುದು. ಕುಡಿಯುವುದು ಅಪರೂಪ, ಹೆಚ್ಚಿನಂಶ ಉಗುಳಿಬಿಡುತ್ತಾರೆ. ಒಂದು ದಿನ ಅವರು ನನ್ನನ್ನು ಕರೆದು, ಒಂದು ಲೋಟದ ತಳದಲ್ಲಿ ಎರಡು ಚಮಚದಷ್ಟು ಜೇನುಬಣ್ಣದ ದ್ರವ ಹಾಕಿ, “ಸುಧಾ, ಇದರೊಳಗೆ ಏನೇನಿದೆ ಹೇಳು” ಎಂದರು. ಅವರು ಹೇಳಿದ್ದು ತೆಲುಗಿನಲ್ಲಿ. ನಮ್ಮ ನಡುವಿನ ಮಾತೆಲ್ಲ ಆ ಭಾಷೆಯಲ್ಲೇ.

ನಾನು ಮೂಸಿದೆ. ವೆನಿಲ್ಲಾ. ಒಣದ್ರಾಕ್ಷಿ. ಹುರಿದ ಬಾದಾಮಿ. ಆಮೇಲೆ ಹಳೆಯ ಮರದ ಪೆಟ್ಟಿಗೆ ತೆರೆದಾಗಿನ ಗಾಳಿ. ಆಮೇಲೆ ಕಿತ್ತಳೆಯ ಸಿಪ್ಪೆ. ಇನ್ನೂ ಮೂಸಿದರೆ ಇನ್ನೂ ಏನೋ. ಒಂದು ಬಾಗಿಲು ತೆರೆದರೆ ಇನ್ನೊಂದು ಬಾಗಿಲು.

“ಇಷ್ಟೆಲ್ಲ ಯಾರು ಬೆರೆಸಿದರು ಮೇಡಂ?” ಎಂದು ಕೇಳಿದೆ.

“ಯಾರೂ ಬೆರೆಸಿಲ್ಲ. ಬಾರ್ಲಿ, ನೀರು, ಯೀಸ್ಟ್. ಭಟ್ಟಿ ಇಳಿಸಿದಾಗ ನೀರಿನ ಬಣ್ಣವೇ ಇತ್ತು. ಮರದ ಪೀಪಾಯಿಗೆ ಹಾಕಿ ಹದಿನೆಂಟು ವರ್ಷ ಕತ್ತಲಲ್ಲಿ ಬಿಟ್ಟರು. ಉಳಿದದ್ದೆಲ್ಲ ಆ ಮರ ಮಾಡಿದ್ದು.”

ನನಗೆ ಒಂದು ಕ್ಷಣ ಮೈ ಜುಂ ಎಂದಿತು. ನಾನು ಮೇಜಿನ ತುಂಬ ಬಾಟಲಿಗಳನ್ನಿಟ್ಟುಕೊಂಡು, ಹನಿ ಎಣಿಸಿ, ತೂಕ ಹಾಕಿ, ತಿಂಗಳುಗಟ್ಟಲೆ ಹೆಣಗಾಡಿ ಮಾಡುವ ಕೆಲಸವನ್ನು ಒಂದು ಪೀಪಾಯಿ ಸುಮ್ಮನೆ ಕೂತು ಮಾಡಿತ್ತು! ಅದೂ ನನಗಿಂತ ಎಷ್ಟೋ ಚೆನ್ನಾಗಿ.

ಆ ಸಂಜೆ ಊಟದ ಹೊತ್ತಿನಲ್ಲಿ ಈ ಬೆರಗನ್ನು ಮನೆಯಲ್ಲಿ ಹೇಳಿಕೊಂಡೆ. ಹೇಳಬಾರದಿತ್ತು ಎಂದು ಹೇಳುತ್ತಿರುವಾಗಲೇ ಹೊಳೆಯಿತು. ಯಾಕೆಂದರೆ ನಮ್ಮ ಮಾವನವರು ಕರ್ನಾಟಕದ ಬೀದರ್ ಕಡೆ ಅಬಕಾರಿ ಖಾತೆಯಲ್ಲಿದ್ದು ನಿವೃತ್ತರಾದವರು. ಜೀವನವಿಡೀ ಕಳ್ಳಭಟ್ಟಿ ಹುಡುಕುವುದು, ಹಿಡಿಯುವುದು, ಹಿಡಿದದ್ದನ್ನು ಗುಂಡಿ ತೋಡಿಸಿ ಸುರಿಸುವುದು ಅವರ ಕೆಲಸವಾಗಿತ್ತು. ಒಂದು ಹನಿಯನ್ನೂ ಬಾಯಿಗೆ ಹಾಕಿದವರಲ್ಲ. ಜೊತೆಯವರು ಅವರನ್ನು ‘ಹಲ್ವಾಯಿ ಅಂಗಡ್ಯಾಗಿನ ಸಕ್ಕರಿ ಕಾಯ್ಲೆಯಂವ’ ಎಂದು ಚೇಷ್ಟೆ ಮಾಡುತ್ತಿದ್ದರಂತೆ. ನನ್ನ ಗಂಡ ಪ್ರಕಾಶ ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮಾವ, ಅತ್ತೆ ಇಬ್ಬರೂ ನಮ್ಮ ಜೊತೆ ಹೈದರಾಬಾದಿಗೆ ಬಂದರು. ಮನೆ ಮಾತ್ರ ಕಾಚಿಗೂಡದಲ್ಲೇ ಆಗಬೇಕೆಂದು ಅತ್ತೆಯ ಹಟ. “ಸಿಟ್ಟು ಬಂದ್ರ ನಡಕೊಂತ ಟೇಸನ್ನಿಗೆ ಹೋಗಿ ನಮ್ಮೂರ ಕಡೀ ಗಾಡಿ ಹತ್ತಬಹುದು” ಎಂದು ಅವರ ವಾದ. ಹತ್ತಿದ್ದು ಒಮ್ಮೆಯೂ ಇಲ್ಲ. ಆದರೆ ಸ್ಟೇಷನ್ ಹತ್ತಿರವಿದ್ದರೆ ಬೆದರಿಕೆಗೆ ತೂಕ ಬರುತ್ತದೆ.

ಊಟ ಮಾಡುತ್ತಿದ್ದ ಮಾವ ಕೈ ನಿಲ್ಲಿಸಿ ಕೇಳಿದರು. “ಹದಿನೆಂಟು ವರ್ಷ? ಅಷ್ಟು ದಿನಾ ಪೀಪಾಯ್ದಾಗ ಇಟ್ರ ಕಡಿಮಿ ಆಗಂಗಿಲ್ಲೇನು?”

“ಆಗ್ತೈತಂತ್ರಿ ಮಾವಾ. ವರ್ಷಾ ವರ್ಷಾ ಒಂದಿಷ್ಟು ಆವಿಯಾಗಿ ಹೋಗ್ತೈತಂತ. ಅದಕ್ಕ ಅವರ ಕಡೆ ದೇವದೂತರ ಪಾಲು ಅಂತಾರಂತ.”

ಮಾವ ರೊಟ್ಟಿಯ ತುಂಡನ್ನು ಹಾಗೆಯೇ ಹಿಡಿದು ಗೋಡೆ ನೋಡುತ್ತ ಕುಳಿತರು. “ದೇವದೂತರ ಪಾಲು! ನಾವು ಅದಕ್ಕ ವೇಸ್ಟೇಜ್ ಅಂತಿದ್ದಿವಿ ನೋಡವಾ. ಸ್ಟಾಕಿನ್ಯಾಗ ಅದಕ್ಕಿಂತ ಹೆಚ್ಚು ಕಡಿಮಿ ಬಂದ್ರ ಕೇಸ್ ಹಾಕ್ತಿದ್ದಿವಿ.”

ಅಷ್ಟಕ್ಕೆ ಅತ್ತೆ ಎದ್ದು ಒಳಗೆ ಹೋದರು. ಪಾತ್ರೆಗಳು ಜೋರಾಗಿ ಮಾತಾಡಿದವು.

ಅಂದಿನಿಂದ ಮಾವನವರಿಗೆ ಒಂದು ಗುಂಗು ಹಿಡಿಯಿತು. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ. ಯಾವ ಮರ? ಹೊಸ ಪೀಪಾಯಿಯೋ ಹಳೆಯದೋ? ಬಿಸಿಲಿನ ಊರಲ್ಲಿ ಇಟ್ಟರೆ ಏನಾಗುತ್ತದೆ? ನಾನು ಮಾಧವಿ ಗಾರುವನ್ನು ಕೇಳಿಕೊಂಡು ಬಂದು ಉತ್ತರ ಒಪ್ಪಿಸುತ್ತಿದ್ದೆ. ಬಿಸಿಲಿನ ಸೀಮೆಯಲ್ಲಿ ಮರ ಬೇಗ ಬೇಗ ಉಸಿರಾಡುತ್ತದಂತೆ. ಅಲ್ಲಿ ವಿಸ್ಕಿ ಬೇಗ ಹಣ್ಣಾಗುತ್ತದೆ, ದೇವದೂತರೂ ಹೆಚ್ಚು ಕುಡಿಯುತ್ತಾರೆ. “ನಮ್ಮ ಕಡೀ ದೇವದೂತರು ಅಂದಮ್ಯಾಲೆ ಹಂಗೇ” ಎಂದು ಮಾವ ತಲೆಯಾಡಿಸಿದರು. ಕೊನೆಗೊಂದು ದಿನ ಅವರು ದನಿ ತಗ್ಗಿಸಿ ಹೇಳಿದರು:

“ಸುಧಾ, ನಾ ಜೀವನಾ ಪೂರಾ ಒಬ್ಬ ವೈರಿ ಜೋಡಿ ಬಡದಾಡೀನಿ. ಅಂವನ ಹಿಂದ ಹೊಲಾ ಗದ್ದಿ ಓಡೀನಿ, ಕಂಟ್ಯಾಗ ಬಿದ್ದು ಮೊಣಕಾಲ ಮುರಕೊಂಡೀನಿ. ಗುಂಡ್ಯಾಗ ಸುರಿಯೋವಾಗ ನೆಲದಾಗಿನ ಎರಿಹುಳಾ ಸುದ್ದಾ ಹೊರಗ ಬರ್ತಿದ್ದವು, ಅಂಥಾ ಘಾಟು. ಆದ್ರ ಅಂವನ ಮುಖಾ ಒಮ್ಮೆನೂ ನೋಡಿಲ್ಲ. ಜನಾ ಇದರಾಗ ಏನ್ ಕಂಡು ಹಾಳಾದ್ರು ಅನ್ನೋದು ನನಗ ತಿಳೀಲೇ ಇಲ್ಲ. ಒಮ್ಮೆ ನೋಡಬೇಕು.”

ನೋಡುವುದಕ್ಕೆ ಅಡ್ಡವಾಗಿದ್ದದ್ದು ಒಂದು ಮಾತು. ಮಾವ ಹೆಣ್ಣು ನೋಡಲು ಹೋದಾಗ ಹುಡುಗಿ ತಲೆ ಎತ್ತಿ ಒಂದೇ ಪ್ರಶ್ನೆ ಕೇಳಿದ್ದಳಂತೆ: “ನೀವು ಕುಡೀತೀರೇನ್ರಿ?” ಹಿರಿಯರೆಲ್ಲ ಗಾಬರಿ. ಅಬಕಾರಿಯವರೆಂದರೆ ಎಲ್ಲರೂ ಕುಡಿಯುವವರೇ ಎಂದು ಆಕೆಯ ಎಣಿಕೆ. ಮಾವ, “ಇಲ್ಲ. ಇನ್ನ ಮುಂದನೂ ಕುಡಿಯಂಗಿಲ್ಲ. ಮಾತು ಕೊಟ್ಟೆ” ಎಂದಿದ್ದರು. ಆಕೆ ಹಾಗೆ ಕೇಳಲು ಕಾರಣ ಅವಳ ಅಪ್ಪ. ಭಾಲ್ಕಿಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ ಅವರು, ಇವಳು ಲಂಗ ತೊಡುವ ವಯಸ್ಸಿನವಳಿದ್ದಾಗಲೇ ಕಳ್ಳಭಟ್ಟಿ ಕುಡಿದು ಸತ್ತಿದ್ದರು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆ ತಮ್ಮ ತಂದೆಯ ಬಗ್ಗೆ ಆಡಿದ್ದು ಒಂದೇ ವಾಕ್ಯ: “ನಮ್ಮಪ್ಪ ಕುಡದು ಸತ್ತ.” ಹೆಸರು ಕೂಡ ಹೇಳಿರಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಒಂದು ಬೆಳಗ್ಗೆ ಅತ್ತೆ ಪುಂಡಿಪಲ್ಯ ಸೋಸುತ್ತ ಕುಳಿತಿದ್ದರು. ಮಾವ ಬಂದು ಎದುರು ಕುಳಿತು ತಾವೂ ಎಲೆ ಬಿಡಿಸತೊಡಗಿದರು. ಅದುವರೆಗೆ ಆ ಮನುಷ್ಯ ಕರಿಬೇವಿನ ಎಸಳನ್ನೂ ಬಿಡಿಸಿದ್ದನ್ನು ನಾನು ಕಂಡಿರಲಿಲ್ಲ. ಅತ್ತೆಗೆ ಆಗಲೇ ವಾಸನೆ ಬಡಿದಿರಬೇಕು.

“ಏನ್ ಬೇಕಾಗೈತಿ?” ಎಂದರು ತಲೆ ಎತ್ತದೆ.

“ಅವತ್ತ ನಿನಗ ಒಂದ ಮಾತು ಕೊಟ್ಟಿದ್ನೆಲ್ಲ.”

“ಹೂಂ.”

“ಅದನ್ನ ಒಂದು ದಿನದ ಮಟ್ಟಿಗೆ ಸಡ್ಲ ಮಾಡ್ತೀಯೇನು?”

ಅತ್ತೆಯ ಕೈ ನಿಂತಿತು. ಒಂದು ಕಡ್ಡಿಯನ್ನು ಎತ್ತಿಕೊಂಡು ಅದರಲ್ಲಿ ಎಲೆಯೇ ಇಲ್ಲದಿದ್ದರೂ ಬಹಳ ಹೊತ್ತು ನೋಡಿದರು. “ಕದ್ದು ಕುಡದ್ರ ನನಗೇನ್ ಗೊತ್ತಾಗ್ತಿತ್ತು? ಕೇಳಾಕ ಯಾಕ ಬಂದ್ರಿ?”

“ಕದ್ದು ಕುಡಿಯೋದಾಗಿದ್ರ ಇಷ್ಟು ವರ್ಷ ಯಾಕ ಬಿಡ್ತಿದ್ದೆ?”

ಅತ್ತೆ ಬಿಡಿಸಿದ ಎಲೆಯನ್ನೆಲ್ಲ ಮೊರಕ್ಕೆ ಹಾಕಿಕೊಂಡು ಒಳಗೆ ಹೋದರು. ಆ ವಾರವೆಲ್ಲ ಆ ಮಾತೆತ್ತಲಿಲ್ಲ. ಅಡುಗೆ ಮಾತ್ರ ದಿನದಿಂದ ದಿನಕ್ಕೆ ಹುಳಿಯಾಗುತ್ತ ಹೋಯಿತು. ಪ್ರಕಾಶ ನನ್ನ ಮೇಲೆ ರೇಗಿದರು: “ನೀ ಆಫೀಸಿನ ಸುದ್ದಿ ಆಫೀಸಿನ್ಯಾಗ ಬಿಟ್ಟು ಬರಬೇಕಿಲ್ಲ?” ನಿಜಕ್ಕೂ ನನಗೆ ಭಯವಾಗಿತ್ತು. ನಗುನಗುತ್ತಾ ಆಡಿದ ಒಂದು ಮಾತು ಇಬ್ಬರು ವಯಸ್ಸಾದವರ ನಡುವೆ ಎಂಥ ಗೋಡೆ ಎಬ್ಬಿಸಿತಲ್ಲ! ಮಾವ ಮರುಮಾತಾಡದೆ ಹುಳಿ ಸಾರು ಉಣ್ಣುತ್ತಿದ್ದರು. ಮತ್ತೆ ಕೇಳಲಿಲ್ಲ.

ಒಂದು ಸಂಜೆ ಹಿಟ್ಟು ನಾದುತ್ತಿದ್ದ ಅತ್ತೆಯೇ ಮಾತು ತೆಗೆದರು.

“ಆ ನಿಮ್ಮ ಮೇಡಂ, ಕುಡೀತಾಳೇನು?”

“ಹೆಚ್ಚಾಗಿ ಇಲ್ರಿ ಅತ್ತಿ. ರುಚಿ ನೋಡಿ ಉಗಳ್ತಾರ.”

“ಉಗಳ್ತಾಳ?” ಅತ್ತೆಗೆ ಆಘಾತವಾಯಿತು. “ಇಷ್ಟು ವರ್ಷ ಕಾಯ್ದು ಮಾಡಿದ್ದನ್ನ?”

ಸ್ವಲ್ಪ ಹೊತ್ತು ಹಿಟ್ಟಿಗೆ ಗುದ್ದು ಬಿದ್ದವು. “ಕರೀ ಆಕೀನ್ನ. ನಮ್ಮ ಮನ್ಯಾಗ ಆಗ್ಲಿ. ಹಗಲ ಹೊತ್ತಿನ್ಯಾಗ ಆಗ್ಲಿ. ನನ್ನ ಮುಂದ ಆಗ್ಲಿ. ನಾನೂ ನೋಡ್ತೀನಿ ಅದರ ಮುಖಾ.”

ಆ ಭಾನುವಾರ ಮಾಧವಿ ಗಾರು ಬಂದರು. ಕೈಯಲ್ಲಿ ಬಟ್ಟೆಯ ಚೀಲ, ತಲೆಯಲ್ಲಿ ಎಂದಿನ ಮಲ್ಲಿಗೆ. ಅತ್ತೆ ಯಾರನ್ನು ನಿರೀಕ್ಷಿಸಿದ್ದರೋ ಏನೋ, ಬಾಗಿಲಲ್ಲೇ ನಿಂತು ಅವರ ಕಾಲುಂಗುರದ ತನಕ ನೋಡಿ, ಅರಿಯದೆಯೇ ಅರಿಶಿನ ಕುಂಕುಮದ ಬಟ್ಟಲು ತಂದರು. ಕೆಳಗಿನ ಮನೆಯವರಿಗೆ ಘಾಟು ಹೋಗಬಾರದೆಂದು ಕಿಟಕಿಗಳನ್ನೆಲ್ಲ ಹಾಕಿಸಿ, ಸಾಲದ್ದಕ್ಕೆ ಒಂದು ಹಿಡಿ ಊದಿನಕಡ್ಡಿ ಹಚ್ಚಿಟ್ಟಿದ್ದರು. ಮಾಧವಿ ಗಾರು ಒಳಗೆ ಕಾಲಿಟ್ಟವರೇ ಮೂಗು ಹಿಡಿದುಕೊಂಡರು. “ಅಮ್ಮಾ, ಈ ಹೊಗೆಯಲ್ಲಿ ನನಗೆ ಏನೂ ತಿಳಿಯುವುದಿಲ್ಲ. ದಯವಿಟ್ಟು ಆರಿಸಿಬಿಡಿ” ಎಂದು ತೆಲುಗಿನಲ್ಲಿ ಬೇಡಿಕೊಂಡರು. ಅತ್ತೆಗೆ ತೆಲುಗು ಚೆನ್ನಾಗಿ ಬರುತ್ತದೆ. ಆದರೆ ಅದು ಅವಮಾನವೋ ಅಲ್ಲವೋ ಎಂದು ತೀರ್ಮಾನಿಸಲು ಒಂದು ನಿಮಿಷ ಹಿಡಿಯಿತು. ಆಮೇಲೆ ಊದಿನಕಡ್ಡಿ ಆರಿಸಿ, ದೇವರ ಗೂಡಿನ ಪರದೆ ಎಳೆದು, “ನೀ ನೋಡಬ್ಯಾಡ” ಎಂದು ದೇವರಿಗೆ ಹೇಳಿ ಬಂದರು.

ಚೀಲದಿಂದ ಹೊರಬಂದ ಬಾಟಲಿಗಳನ್ನು ನೋಡಿ ನನಗೇ ನಗು ತಡೆಯಲಾಗಲಿಲ್ಲ. ನಮ್ಮ ಲ್ಯಾಬಿನ ಕಂದು ಬಣ್ಣದ ಔಷಧದ ಸೀಸೆಗಳು! ದೊಡ್ಡ ಬಾಟಲಿಗಳನ್ನು ಹೊತ್ತು ತರುವ ಬದಲು ಮಾಧವಿ ಗಾರು ಒಂದಿಷ್ಟಿಷ್ಟನ್ನೇ ಅವುಗಳಿಗೆ ತುಂಬಿ ತಂದಿದ್ದರು. ಎರಡೆರಡು ದಶಕ ಕತ್ತಲಲ್ಲಿ ತಪಸ್ಸು ಮಾಡಿದ ಐರ್ಲೆಂಡ್, ಅಮೆರಿಕ, ಜಪಾನ್, ಸ್ಕಾಟ್ಲೆಂಡ್ ಎಲ್ಲ ಕೆಮ್ಮಿನ ಔಷಧದ ವೇಷದಲ್ಲಿ ನಮ್ಮ ಊಟದ ಮೇಜಿನ ಮೇಲೆ ಸಾಲಾಗಿ ನಿಂತವು. ನಮ್ಮ ದೇಶದ್ದೂ ಒಂದಿತ್ತು, ಎಲ್ಲಕ್ಕಿಂತ ಚಿಕ್ಕ ವಯಸ್ಸಿನದು. ಆ ಲೋಟಗಳನ್ನೂ ಅವರೇ ತಂದಿದ್ದರು. ಹೋಗುವಾಗ ಅತ್ತೆಗೆ ಉಡುಗೊರೆಯಾಗಿ ಬಿಟ್ಟುಹೋದರು.

ಅಂಕ ಕೊಡಲು ಹುಣಸೆಬೀಜ. ಯಾವುದು ಎಷ್ಟು ಹಿಡಿಸಿತೋ ಅಷ್ಟು ಬೀಜ ಅದರ ಮುಂದಿನ ಬಟ್ಟಲಿಗೆ ಹಾಕುವುದು, ಹಾಕುವಾಗ ಮಾತಾಡುವಂತಿಲ್ಲ. ನಡುನಡುವೆ ಬಾಯಿ ಶುದ್ಧವಾಗಲು ಅತ್ತೆ ಮಾಡಿಟ್ಟ ಬಿಳಿಜೋಳದ ರೊಟ್ಟಿಯ ಚೂರು. ಮಾಧವಿ ಗಾರು ಒಂದು ಚೂರು ಅಗಿದು, “ಇಷ್ಟು ವರ್ಷ ನಾನು ಬಿಸ್ಕತ್ತು ತಿಂದು ತಪ್ಪು ಮಾಡಿದೆ” ಎಂದರು. ಅತ್ತೆ ಅದನ್ನು ಕೇಳಿಸಿಕೊಂಡರೂ ಕೇಳಿಸದವರ ಹಾಗೆ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡು ಬತ್ತಿ ಹೊಸೆಯಲು ಕುಳಿತರು.

ಮೊದಲು ಐರ್ಲೆಂಡಿನದು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನೇರವಾಗಿ, ಸಾಕ್ಷಿ ಹೇಳಲು ಬಂದವರ ಹಾಗೆ ಕುಳಿತಿದ್ದರು. ಲೋಟವನ್ನು ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದರು. ಅವರಿಗೆ ಘಾಟು ಗೊತ್ತಿತ್ತು. ಘಾಟಿಗೆ ತಯಾರಾಗಿ ಕಣ್ಣು ಕಿರಿದು ಮಾಡಿದ್ದರು. ಬರಬೇಕಾದ ಘಾಟು ಬರಲಿಲ್ಲ. ಕಣ್ಣು ನಿಧಾನವಾಗಿ ಅರಳಿದವು.

“ಇದು… ಪೇರಲಹಣ್ಣಲ್ಲೇನು?” ಎಂದರು.

ಆಮೇಲೆ ಹೆಂಡತಿಯ ಕಡೆ ನೋಡಿದರು. ಅತ್ತೆ ಬತ್ತಿಯಿಂದ ಕಣ್ಣೆತ್ತಲಿಲ್ಲ, ಆದರೆ ಕೈ ನಿಂತಿತ್ತು. ಮಾವ ಒಂದು ಗುಟುಕು ಕುಡಿದರು. ಆ ಮುಖದ ಮೇಲೆ ಆಮೇಲೆ ಏನಾಯಿತು ಎಂಬುದನ್ನು ನಾನು ಸರಿಯಾಗಿ ಹೇಳಲಾರೆ. ಮೊದಲು ಉರಿ, ಕಣ್ಣಲ್ಲಿ ನೀರು, ಕೆಮ್ಮು. ಆಮೇಲೆ ಉರಿ ಇಳಿದ ಜಾಗದಲ್ಲಿ ಏನೋ ಬಂದು ಕುಳಿತ ಹಾಗೆ ಅವರು ಬಾಯಿ ಮುಚ್ಚಿ ಆಲಿಸತೊಡಗಿದರು. ಹೌದು, ಆಲಿಸತೊಡಗಿದರು. ರುಚಿಯನ್ನು ಕಿವಿಯಿಂದ ಕೇಳುವ ಮನುಷ್ಯನನ್ನು ನಾನು ಅಂದೇ ಕಂಡದ್ದು.

ಅಮೆರಿಕದ್ದು ಬಂತು. ಒಳಮೈ ಸುಟ್ಟ ಹೊಸ ಪೀಪಾಯಿಯಲ್ಲಿ ಇಟ್ಟದ್ದು. ಪ್ರಕಾಶ, “ಹೋಳಗಿ ವಾಸನಿ ಬರಾಕತ್ತೈತಿ” ಎಂದು ಮಾತಾಡಬಾರದೆಂಬ ನಿಯಮ ಮುರಿದು ಬೊಗಸೆ ಬೀಜ ಸುರಿದುಬಿಟ್ಟರು. ನಮ್ಮ ದೇಶದ್ದು ಬಂತು. ಅದರಲ್ಲಿ ಮಾವಿನಹಣ್ಣಿನ ಸಿಪ್ಪೆಯಿತ್ತು, ಬಿಸಿಲಿತ್ತು, ಹುಡುಗರ ಅವಸರವಿತ್ತು. ಜಪಾನಿನದು ಬಂದಾಗ ನಾನೂ ಮಾಧವಿ ಗಾರುವೂ ಕಣ್ಣು ಮುಚ್ಚಿದೆವು. ಗಂಧದ ಕೊರಡಿನಂಥದ್ದು ಏನೋ, ಬಹಳ ದೂರದಿಂದ. ಅದನ್ನು ಪೀಪಾಯಿಗೆ ಇಳಿಸಿದಾಗ ನಾನು ರಾಯಚೂರಿನಲ್ಲಿ ಎರಡು ಜಡೆ ಹಾಕಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ನಾನು ಪರೀಕ್ಷೆ ಬರೆದೆ, ಮದುವೆಯಾದೆ, ಊರು ಬಿಟ್ಟೆ, ಅಪ್ಪನನ್ನು ಕಳೆದುಕೊಂಡೆ. ಅಷ್ಟೂ ದಿನ ಅದು ಅಲ್ಲಿ ಕತ್ತಲಲ್ಲಿ ಕುಳಿತು ಒಂದೊಂದೇ ಉಸಿರು ಬಿಡುತ್ತಿತ್ತು ಎಂದು ನೆನೆದಾಗ ಕೈಯಲ್ಲಿದ್ದ ಲೋಟ ಭಾರವಾಯಿತು.

ಮಾವ ಲೋಟದ ತಳ ನೋಡುತ್ತ ಕೇಳಿದರು: “ಇದನ್ನ ತುಂಬಿಟ್ಟಂವ ಈಗ ಇದ್ದಾನೇನು?”

“ಗೊತ್ತಿಲ್ಲ ಅಂಕಲ್” ಎಂದರು ಮಾಧವಿ ಗಾರು, ನಾನು ಪ್ರಶ್ನೆಯನ್ನು ತೆಲುಗಿಗೆ ತಿರುಗಿಸಿದ ಮೇಲೆ. “ಇಂಥವನ್ನು ತುಂಬುವವರಲ್ಲಿ ಎಷ್ಟೋ ಜನ ಅದು ಹೊರಬರುವುದನ್ನು ನೋಡುವುದಿಲ್ಲ.”

“ತಾ ಕುಡಿಯಂಗಿಲ್ಲ ಅಂತ ಗೊತ್ತಿದ್ರೂ ತುಂಬಿಟ್ಟ,” ಎಂದರು ಮಾವ. “ಯಾರಿಗಂತ ಗೊತ್ತಿಲ್ಲ. ಕಾಚಿಗೂಡದಾಗ ಒಬ್ಬ ಮುದುಕ ಕುಂತಾನಂತ ಅಂವಗೇನ್ ಗೊತ್ತು?”

ಉಳಿದದ್ದು ಸ್ಕಾಟ್ಲೆಂಡಿನ ಯಾವುದೋ ದ್ವೀಪದ್ದು. ಕೊಳೆತ ಗಿಡಗಳ ಮಣ್ಣನ್ನು ಒಣಗಿಸಿ, ಅದನ್ನೇ ಉರಿಸಿ, ಆ ಹೊಗೆಯಲ್ಲಿ ಬಾರ್ಲಿ ಒಣಗಿಸುತ್ತಾರಂತೆ. ಸೀಸೆಯ ಮುಚ್ಚಳ ತೆಗೆದದ್ದೇ ತಡ, ಹೊಗೆಯ ವಾಸನೆ ಮನೆಯೆಲ್ಲ ಹಬ್ಬಿತು. ಬಾಗಿಲ ಹತ್ತಿರದಿಂದ ಅತ್ತೆಯ ದನಿ ಬಂತು.

“ಇಲ್ಲಿ ತಾ.”

ಯಾರಿಗೆ ಹೇಳಿದರೆಂದು ತಿಳಿಯದೆ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಅತ್ತೆಯೇ ಎದ್ದು ಬಂದು ಮೇಜಿನ ಹತ್ತಿರ ಕುಳಿತರು. “ಎಲ್ಲಾನೂ ತಾ. ಒಂದೊಂದ.”

ನಾನು ಐರ್ಲೆಂಡಿನ ಲೋಟ ಕೊಟ್ಟೆ. ಅವರು ಸೆರಗನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಲೋಟವನ್ನು ಮೂಗಿಗೆ ಹಿಡಿದು ದೀರ್ಘವಾಗಿ ಉಸಿರೆಳೆದರು. ಕಣ್ಣು ಮುಚ್ಚಿದ್ದವು. “ಇಲ್ಲ” ಎಂದು ವಾಪಸು ಕೊಟ್ಟರು. ಅಮೆರಿಕದ್ದು. “ಇಲ್ಲ.” ನಮ್ಮ ದೇಶದ್ದು, ಜಪಾನಿನದು. “ಇಲ್ಲ.” ಹೊಗೆಯ ವಾಸನೆಯದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದರು. ಏನನ್ನೋ ಹುಡುಕುತ್ತಿದ್ದಾರೆ ಎಂದು ಆಗ ನನಗೆ ಅರ್ಥವಾಯಿತು.

“ಇದರಾಗೂ ಇಲ್ಲ” ಎಂದು ಲೋಟ ಕೆಳಗಿಟ್ಟರು. “ನಮ್ಮಪ್ಪ ಯಾವುದರಾಗೂ ಇಲ್ಲ.”

ಮಾವ ತಮ್ಮ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಮಾಧವಿ ಗಾರುವಿಗೆ ಕನ್ನಡ ಬಾರದು. ಆದರೂ ಅವರು ತಮ್ಮ ನತ್ತು ಮುಟ್ಟಿಕೊಳ್ಳುತ್ತ ತಲೆ ತಗ್ಗಿಸಿದರು.

“ಅಂವನ ಹಂತ್ಯಾಕ ಹೋದ್ರ ಹುಳಿ ವಾಸನಿ ಬರ್ತಿತ್ತು,” ಎಂದರು ಅತ್ತೆ. “ಬೆಲ್ಲ ಕೊಳತಂಗ. ಇಷ್ಟು ವರ್ಷ ದಾರ್ಯಾಗ ಯಾರರೇ ಕುಡದಂವ ಹಾದ್ರ ಆ ವಾಸನಿ ಬಂದು ನನ್ನ ಕುತ್ತಿಗಿ ಹಿಚಕತಿತ್ತು. ಇಲ್ಲೂ ಅದಾ ಇರ್ತೈತಿ ಅಂತ ಅಂಜಿ ಕುಂತಿದ್ದೆ. ಇಲ್ಲ.” ಅವರು ಮೇಜಿನ ಮೇಲಿನ ಸೀಸೆಗಳನ್ನು ಒಂದೊಂದಾಗಿ ನೋಡಿದರು. “ಅಂವಾ ಕುಡದದ್ದಕ್ಕ ವಯಸ್ಸ ಆಗಿದ್ದಿಲ್ಲ ಸುಧಾ. ಮುಂಜಾನೆ ಕಾಸಿದ್ದು, ಸಂಜೀಕ ಕುಡದದ್ದು. ಅಂವಗೂ ವಯಸ್ಸ ಆಗ್ಲಿಲ್ಲ. ಪ್ರಕಾಶಗಿಂತ ಸಣ್ಣಾಂವ ಇದ್ದ ಅಂವಾ.”

ಪ್ರಕಾಶ ತಾಯಿಯ ಹೆಗಲ ಮೇಲೆ ಕೈಯಿಟ್ಟರು. ತನಗಿಂತ ಚಿಕ್ಕವನಾದ ಅಜ್ಜನನ್ನು ಅವರೂ ಅಂದೇ ಮೊದಲ ಸಲ ಲೆಕ್ಕ ಹಾಕಿದ್ದಿರಬೇಕು. ಮಾವ ತಮ್ಮ ಪಾಲಿನ, ಇನ್ನೂ ಮುಟ್ಟದ ಆ ಹೊಗೆಯ ಲೋಟವನ್ನು ದೂರ ಸರಿಸಿದರು. “ಸಾಕು ಬಿಡು. ನೋಡಿದ್ದಾತು.”

“ಸರಸಬ್ಯಾಡ್ರಿ,” ಎಂದರು ಅತ್ತೆ. ಲೋಟವನ್ನು ತಾವೇ ಎತ್ತಿ ಅವರ ಕೈಗೆ ಕೊಟ್ಟರು. “ಅರ್ಧಕ್ಕ ಬಿಡಬ್ಯಾಡ್ರಿ. ವಯಸ್ಸಾದದ್ದನ್ನ ನೆಲಕ್ಕ ಹಾಕಬಾರದು.”

ಮಾವ ಕುಡಿದರು. ಕಣ್ಣಲ್ಲಿ ನೀರು ಬಂತು. ಹೊಗೆಗೆ ಬಂದದ್ದೆಂದು ನಾವೆಲ್ಲ ಒಪ್ಪಿಕೊಂಡೆವು.

ಕೊನೆಗೆ ಬೀಜಗಳನ್ನು ಎಣಿಸಿದ್ದು ಮಾವನವರೇ. ಜಪಾನಿನದನ್ನು ನಾನೂ ಮಾಧವಿ ಗಾರುವೂ ಎತ್ತಿ ಹಿಡಿದಿದ್ದೆವು, ಅಮೆರಿಕದ್ದನ್ನು ಪ್ರಕಾಶ, ದ್ವೀಪದ್ದನ್ನು ಮಾವ. ಆದರೆ ಗೆದ್ದದ್ದು ಐರ್ಲೆಂಡಿನದು. ಯಾರಿಗೂ ಅದು ಮೊದಲನೆಯದಾಗಿರಲಿಲ್ಲ, ಎಲ್ಲರಿಗೂ ಎರಡನೆಯದಾಗಿತ್ತು. “ಚುನಾವಣ್ಯಾಗೂ ಹಿಂಗಾ” ಎಂದು ಮಾವ ಫಲಿತಾಂಶ ಘೋಷಿಸಿದರು. ಉಳಿದ ಸೀಸೆಗಳನ್ನು ಮಾಧವಿ ಗಾರು ವಾಪಸು ಒಯ್ದರು, ಜೊತೆಗೆ ಬಿಳಿಜೋಳದ ರೊಟ್ಟಿಯ ಒಂದು ಕಟ್ಟು. ಅವರನ್ನು ಬೀಳ್ಕೊಟ್ಟು ಬಂದ ಮಾವ, ಅತ್ತೆಯ ಮುಂದೆ ನಿಂತು, “ನನ್ನ ಮಾತು ಇವತ್ತಿನಿಂದ ಮತ್ತ ಮೊದಲಿನಂಗ” ಎಂದರು. ಅತ್ತೆ, “ಆತು” ಎಂದರು. ಆಮೇಲೆ ಮಾವ ಮತ್ತೆ ಕುಡಿಯಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ. ವೈರಿಯ ಬಗ್ಗೆ ಮಾತು ಬಂದರೆ ಮಾತ್ರ ಈಗ ಸ್ವಲ್ಪ ಗೌರವದಿಂದ ಆಡುತ್ತಾರೆ.

ಬಿಸಿಲು ಇಳಿದ ಮೇಲೆ ಕಿಟಕಿಗಳನ್ನೆಲ್ಲ ತೆರೆದೆವು. ಅತ್ತೆ ಹಿಂದಿನ ಗ್ಯಾಲರಿಯಲ್ಲಿ ಕಂಬಿ ಹಿಡಿದು ನಿಂತಿದ್ದರು. ನಾನು ಚಹಾ ಒಯ್ದು ಕೊಟ್ಟೆ. ಎದುರು ಕಟ್ಟಡದ ನೀರಿನ ಟಾಕಿಯ ಮೇಲೆ ಪಾರಿವಾಳಗಳು ಒತ್ತೊತ್ತಾಗಿ ಕುಳಿತಿದ್ದವು.

“ಅಂವನ ಹೆಸರು ಗುಂಡಪ್ಪ,” ಎಂದರು ಅತ್ತೆ, ನಾನು ಕೇಳದೆಯೇ. “ಪಾರಿವಾಳದ ಹುಚ್ಚು ಭಾಳ ಇತ್ತು. ಮಾಳಗಿ ಮ್ಯಾಲೆ ಡಬ್ಬಿ ಕಟ್ಟಿ ಸಾಕಿದ್ದ. ಗಿರಣಿಯಿಂದ ಬಂದ ಕೂಡ್ಲೆ ನನ್ನನ್ನ ತನ್ನ ಹೆಗಲ ಮ್ಯಾಲೆ ಕೂಡಿಸ್ಕೊಂಡು ಮ್ಯಾಲೆ ಹತ್ತಾಂವ. ಒಂದ ಸಿಳ್ಳೀ ಹಾಕಿದಂದ್ರ ಅಷ್ಟೂ ಹಾರಾವು. ಇನ್ನೊಂದ ಹಾಕಿದ್ರ ಅಷ್ಟೂ ಇಳ್ಯಾವು. ಆ ಹೊತ್ತಿನ್ಯಾಗ ಕುಡದಿರ್ತಿದ್ದಿಲ್ಲ ಅಂವಾ. ಪಾರಿವಾಳಕ್ಕ ವಾಸನಿ ಆಗಿಬರಂಗಿಲ್ಲ ಅಂತಿದ್ದ.”

ಅವರು ಚಹಾದ ಕಪ್ಪನ್ನು ನನ್ನ ಕೈಗೆ ವಾಪಸು ಕೊಟ್ಟರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಎರಡು ಬೆರಳುಗಳನ್ನು ನಾಲಿಗೆಯ ಕೆಳಗೆ ಮಡಿಚಿ ಇಟ್ಟುಕೊಂಡು ಒಮ್ಮೆ ಊದಿದರು. ಬರೀ ಗಾಳಿ ಬಂತು. ಬೆರಳು ಒರೆಸಿಕೊಂಡು ಮತ್ತೆ ಊದಿದರು.

ಇಡೀ ಗಲ್ಲಿ ಸೀಳಿಹೋಗುವಂಥ ಸಿಳ್ಳು. ಎದುರಿನ ಟಾಕಿಯ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಲೇ ಭರ್‍ರೆಂದು ಎದ್ದು, ಆಕಾಶದಲ್ಲಿ ಒಂದು ದೊಡ್ಡ ಸುತ್ತು ಹೊಡೆದು ಸ್ಟೇಷನ್ನಿನ ಕಡೆ ಬಾಗಿದವು. ಕೆಳಗೆ ಹೋಗುತ್ತಿದ್ದ ಸ್ಕೂಟರಿನವನು ಬ್ರೇಕು ಹಾಕಿ ಮೇಲೆ ನೋಡಿದ. ನನ್ನ ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ತುಳುಕಿತು.

ಒಳಗೆ ಮಲಗಿದ್ದ ಮಾವ ಎದ್ದು ಓಡಿ ಬಂದು, ಗ್ಯಾಲರಿಯ ಬಾಗಿಲಲ್ಲಿ ನಿಂತರು. ಹೆಂಡತಿಯನ್ನು ಯಾವುದೋ ಹೊಸ ಹೆಂಗಸನ್ನು ನೋಡುವ ಹಾಗೆ ನೋಡಿದರು.

“ನಿನಗ ಸಿಳ್ಳೀ ಹಾಕಾಕ ಬರ್ತೈತಿ?” ಎಂದರು. “ಇಷ್ಟು ವರ್ಷ ನಾ ಕೇಳೇ ಇಲ್ಲಲ್ಲ?”

“ನೀವು ಎಲ್ಲಿ ಕೇಳಿದ್ರಿ?” ಎಂದು ಅತ್ತೆ ಮತ್ತೆ ಬೆರಳುಗಳನ್ನು ಬಾಯಿಗಿಟ್ಟುಕೊಂಡರು. ಹಕ್ಕಿಗಳನ್ನು ಇಳಿಸಬೇಕಾಗಿತ್ತು.